ದೇವರ ಪಟದ ಪಕ್ಕದ ಬೀಗದಕೈ

ಜನವರಿ 6, 2025, ಸೋಮವಾರ

ಡಾಕ್ಟರಮ್ಮ ಒಂದು ಪುಸ್ತಕ ಇಡಿ ಎಂದರು. ಯಾವತ್ತು ಶುರುವಾಯಿತು, ಎಷ್ಟು ದಿನ ಇತ್ತು, ಎಷ್ಟು ಹೋಯಿತು, ಎಲ್ಲವನ್ನೂ ಬರೆದು ಎರಡು ತಿಂಗಳು ಬಿಟ್ಟು ತನ್ನಿ ಎಂದರು. ನನಗೆ ನಲವತ್ತೇಳು ವರ್ಷ. ಗಂಡನ ಹತ್ತಿರವೂ ಹೆಸರು ಹಿಡಿದು ಹೇಳದ ಸಂಗತಿಯನ್ನು ಈಗ ತಾರೀಖು ಹಾಕಿ ಬರೆಯಬೇಕಂತೆ. ಹೊಸ ಪುಸ್ತಕ ಕೊಳ್ಳಲು ಮನಸ್ಸಾಗಲಿಲ್ಲ. ಅಂಗಡಿಯ ಹಳೇ ಅಳತೆ ಪುಸ್ತಕದ ಹಿಂಬದಿಯಲ್ಲಿ ಖಾಲಿ ಹಾಳೆಗಳಿವೆ, ಅದರಲ್ಲೇ ಬರೆಯುತ್ತೇನೆ. ಯಾರಾದರೂ ತೆರೆದರೆ ತೋಳುದ್ದ, ಸೊಂಟದ ಸುತ್ತಳತೆ ಕಾಣಲಿ. ಅದು ಬಂದ ದಿನ ಒಂದು ಚುಕ್ಕೆ ಇಡುತ್ತೇನೆ. ಡಾಕ್ಟರಮ್ಮನಿಗೆ ಅರ್ಥವಾದರೆ ಸಾಕು.

ಮೊದಲೆಲ್ಲ ನನ್ನದು ಕ್ಯಾಲೆಂಡರ್ ನೋಡಿಕೊಂಡು ಬಂದ ಹಾಗೆ ಬರುತ್ತಿತ್ತು. ಈಗ ಹೇಳದೆ ಕೇಳದೆ ಬರುತ್ತದೆ. ಹನ್ನೆರಡು ದಿನಕ್ಕೂ ಬರುತ್ತದೆ, ನಲವತ್ತು ದಿನಕ್ಕೂ ಬರುತ್ತದೆ. ನಿಲ್ಲುವ ಕಾಲಕ್ಕೆ ಹೀಗೇ, ಹೆದರಬೇಡಿ ಎಂದರು. ಅವರಿಗೇನು, ಅವರ ಕೋಣೆಗೆ ಅಂಟಿಕೊಂಡೇ ಬಚ್ಚಲಿದೆ. ನಾನು ನಿಂಗಯ್ಯನವರ ಅಂಗಡಿಗೆ ಹೋಗಬೇಕು.

ಅದನ್ನೂ ಬರೆದುಬಿಡುತ್ತೇನೆ, ಡಾಕ್ಟರಮ್ಮನಿಗೆ ಗೊತ್ತಾಗಲಿ. ದೇವರಾಜ ಮೊಹಲ್ಲಾದ ನಮ್ಮ ಕಾಂಪ್ಲೆಕ್ಸಿನಲ್ಲಿ ಹದಿನಾರು ಅಂಗಡಿಗಳಿವೆ. ನನ್ನ ಬ್ಲೌಸ್ ಅಂಗಡಿ ಮಹಡಿಯ ಮೇಲೆ. ಹಿಂದುಗಡೆ ಹೆಂಗಸರಿಗೆಂದು ಒಂದು ಟಾಯ್ಲೆಟ್ಟಿದೆ. ಹೊರಗಿನವರು ನುಗ್ಗುತ್ತಾರೆಂದು ಅದಕ್ಕೆ ಬೀಗ. ಬೀಗದಕೈ ಕೆಳಗಡೆ, ನಿಂಗಯ್ಯನವರ ಗ್ರಂಧಿಗೆ ಅಂಗಡಿಯೊಳಗೆ, ನಂಜುಂಡೇಶ್ವರನ ಪಟದ ಪಕ್ಕದ ಮೊಳೆಯಲ್ಲಿ. ಮೊದಲು ತಿಂಗಳಿಗೊಂದು ಬೀಗದಕೈ ಕಳೆಯುತ್ತಿತ್ತು. ಒಂಬತ್ತು ವರ್ಷದ ಹಿಂದೆ, ದೇವರ ಪಕ್ಕ ತಗುಲಿಹಾಕಿ, ಆಗ ಯಾರೂ ಕಳೆಯುವುದಿಲ್ಲ ಎಂದು ಹೇಳಿದವಳು ನಾನೇ. ಅಲ್ಲಿಂದ ಇಲ್ಲಿಯವರೆಗೆ ಒಂದು ಸಲವೂ ಕಳೆದಿಲ್ಲ. ಈ ಕಾಂಪ್ಲೆಕ್ಸಿನಲ್ಲಿ ನನ್ನ ಬುದ್ಧಿಯಿಂದ ಆದ ಒಳ್ಳೆಯ ಕೆಲಸ ಅದೊಂದೇ.

ಆ ದಿನಗಳಲ್ಲಿ ಮಾತ್ರ ನಾವು ಯಾರೂ ಆ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ. ಕರ್ಪೂರ, ಕುಂಕುಮ, ವಿಭೂತಿ ಮಾರುವ ಜಾಗ. ಬೋರ್ಡು ಹಾಕಿಲ್ಲ, ಬರಬೇಡಿ ಎಂದು ಅವರು ಬಾಯಿಬಿಟ್ಟು ಹೇಳಿಯೂ ಇಲ್ಲ, ನಮಗೇ ಗೊತ್ತು. ನನಗಾದಾಗ ಬಿಂದು ಬೀಗದಕೈ ತಂದುಕೊಡುತ್ತಾಳೆ, ಅವಳಿಗಾದಾಗ ನಾನು. ಬಿಂದು ನನ್ನ ಅಂಗಡಿಯಲ್ಲಿ ಬ್ಲೌಸಿಗೆ ಆರಿ ವರ್ಕಿನ ಕಸೂತಿ ಮಾಡುವವಳು. ಇಪ್ಪತ್ತಾರು ವರ್ಷ. ಅವಳ ಸೂಜಿಯಿಂದ ಬಂದ ನವಿಲಿನ ಕಣ್ಣು ನೋಡಿದರೆ ಅದು ನಮ್ಮನ್ನೇ ನೋಡುತ್ತಿದೆ ಅನ್ನಿಸುತ್ತದೆ.

ಜನವರಿ 9, ಗುರುವಾರ

ಚುಕ್ಕೆ. ಹೋದ ಸಲದ್ದು ಮುಗಿದು ಇನ್ನೂ ವಾರ ಕಳೆದಿರಲಿಲ್ಲ.

ಹನ್ನೊಂದು ಗಂಟೆಗೆ ಗೊತ್ತಾಯಿತು. "ಬಿಂದೂ, ಬೀಗದಕೈ ತಂದ್ಬುಡೇ" ಎಂದೆ. ಅವಳು ಸೂಜಿ ಹಿಡಿದವಳು ತಲೆ ಎತ್ತಲಿಲ್ಲ. "ಅಕ್ಕಾ, ನಂಗೂ ನೆನ್ನೆಯಿಂದ" ಎಂದಳು. ಪಕ್ಕದ ಸೀರೆ ಫಾಲ್ಸ್ ಅಂಗಡಿಯಾಕೆ ನಂಟರ ಮನೆಗೆ ಹೋಗಿದ್ದಾಳೆ. ಟಾಯ್ಲೆಟ್ ತೊಳೆಯುವ ಮಂಚಮ್ಮ ಬೆಳಿಗ್ಗೆಯೇ ಕೆಲಸ ಮುಗಿಸಿ ಹೊರಟಾಗಿತ್ತು. ಗಂಡಸರ ಹತ್ತಿರ ಹೇಗೆ ಕೇಳುವುದು, ಕೇಳಿದರೆ ಯಾಕೆಂದು ತಿಳಿದುಬಿಡುತ್ತದೆ. ಇಬ್ಬರೂ ಮಾರ್ಕೆಟ್ಟಿನ ಹತ್ತಿರದ ಕಾಸು ಕೊಡುವ ಶೌಚಾಲಯಕ್ಕೆ ನಡೆದುಕೊಂಡು ಹೋದೆವು. ಅಲ್ಲಿ ಚಿಲಕ ಇತ್ತು, ನೀರಿರಲಿಲ್ಲ. ಬುಟ್ಟಿ ಇರಲಿಲ್ಲ. ಬಾಗಿಲಲ್ಲಿ ಕೂತವನು ನಾವು ಒಳಗಿರುವಾಗಲೇ, "ಏ ಅದುನ್ನೆಲ್ಲ ಒಳ್ಗೆ ಹಾಕ್ಬ್ಯಾಡಿ ಕಣ್ರೀ, ಕಟ್ಕೊಳ್ತದೆ" ಎಂದು ಕೂಗಿದ. ಎದುರಿನ ಬಾಳೆಹಣ್ಣಿನವನವರೆಗೂ ಕೇಳಿಸಿರಬೇಕು. ಹೊರಗೆ ಬಂದಾಗ ನಾನು ಅವನ ಮುಖ ನೋಡಲಿಲ್ಲ. ಅವನು ತಲೆ ತಗ್ಗಿಸಬೇಕಿತ್ತು, ತಗ್ಗಿಸಿದವಳು ನಾನು. ಬದಲಾಯಿಸಿ ತೆಗೆದದ್ದನ್ನು ಲೈನಿಂಗ್ ಬಟ್ಟೆಯ ತುಂಡಿನಲ್ಲಿ ಸುತ್ತಿ, ಊಟದ ಡಬ್ಬಿಯ ಬ್ಯಾಗಿನಲ್ಲೇ ಹಾಕಿಕೊಂಡು, ಸಿಟಿ ಬಸ್ಸಿನಲ್ಲಿ ವಿದ್ಯಾರಣ್ಯಪುರಂವರೆಗೂ ಮಡಿಲಲ್ಲಿಟ್ಟುಕೊಂಡು ಬಂದೆ.

ಮಧ್ಯಾಹ್ನ ಬಿಂದು ತನ್ನ ಊರಿನ ಸಂಗತಿ ಹೇಳಿದಳು. ಹಿನ್ನೀರಿನ ನಡುಗಡ್ಡೆಯ ಊರು. ನಾಲ್ಕು ಕಡೆಯೂ ನೀರು, ಎಲ್ಲಿಗೆ ಹೋಗಬೇಕಾದರೂ ತೆಪ್ಪ. ಆಚೆ ಕೂತ ಹೆಂಗಸರನ್ನು ತೆಪ್ಪದವನು ಹತ್ತಿಸುವುದಿಲ್ಲ, ಹೊಳೆ ಮುನಿಯುತ್ತದಂತೆ. ಹತ್ತನೇ ಕ್ಲಾಸಿನ ವಿಜ್ಞಾನದ ಪರೀಕ್ಷೆಯ ದಿನ ಇವಳು ದಡದಲ್ಲೇ ನಿಂತಿದ್ದಳಂತೆ, ಕೈಯಲ್ಲಿ ಹಾಲ್ ಟಿಕೆಟ್ ಹಿಡಿದುಕೊಂಡು.

"ಪಾಯಿಖಾನೆನಾದ್ರೂ ಐತಾ ಅಲ್ಲಿ?" ಎಂದೆ.

"ಎರಡು ಅರ್ಧ ಎದ್ದವೆ ಅಕ್ಕಾ. ಇಟ್ಟಿಗೆ ತೆಪ್ಪದಲ್ಲಿ ಬರ್ಬೇಕಲ್ಲ, ಭಾರ ಆಯ್ತದೆ ಅಂತ ನಿಲ್ಸ್ಬುಟ್ರು. ಮದ್ವೆಗೆ ಶಾಮಿಯಾನ, ಜನರೇಟ್ರು ಎಲ್ಲ ತೆಪ್ಪದಲ್ಲೇ ಬತ್ತವೆ."

ಇಲ್ಲಿ ದಾಟಲು ಹೊಳೆ ಇಲ್ಲವೆಂದು ಮೈಸೂರಿಗೆ ಬಂದಳಂತೆ. ಹೇಳಿ ನಕ್ಕಳು. ನನಗೆ ನಗು ಬರಲಿಲ್ಲ. ಎಂಥ ಹಳ್ಳಿಗಾಡಿನ ಜನ, ಈ ಕಾಲದಲ್ಲೂ ಹೀಗೆ ಎಂದು ಮೈಯೆಲ್ಲ ಉರಿಯಿತು.

ಜನವರಿ 10, ಶುಕ್ರವಾರ

ಚುಕ್ಕೆ. ಫಾಲ್ಸ್ ಅಂಗಡಿಯಾಕೆ ಬಂದಳು. ಅವಳ ಕೈಲಿ ತರಿಸಿಕೊಂಡೆವು. ಎರಡು ಸಲ ಕೇಳಿದೆವು, ಮೂರನೆಯ ಸಲ ಕೇಳಲು ಸಂಕೋಚವಾಯಿತು.

ಜನವರಿ 14, ಮಂಗಳವಾರ, ಸಂಕ್ರಾಂತಿ

ಚುಕ್ಕೆ. ಆರನೇ ದಿನ. ನಿಲ್ಲುವ ಲಕ್ಷಣವೇ ಇಲ್ಲ.

ಹಿತ್ತಿಲ ಕಡೆಯ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲಿ ನಡೆದುಬಂದ ಕ್ರಮ. ಮೊದಲಾದರೆ ನಾಲ್ಕನೇ ದಿನ ತಲೆಗೆ ನೀರು ಹಾಕಿಕೊಂಡು ಒಳಗೆ ಬರುತ್ತಿದ್ದೆ. ಈಗ ಅದು ನಿಂತರೆ ತಾನೇ. ಅತ್ತೆ ಸುಂದರಮ್ಮನವರಿಗೆ ಎಪ್ಪತ್ತಾರು, ಮಂಡಿನೋವು. ಅವರೇ ತಟ್ಟೆ ಹಿಡಿದು ಬೀದಿಯ ಹನ್ನೆರಡು ಮನೆಗೆ ಎಳ್ಳು ಬೀರಲು ಹೋಗಿದ್ದಾರೆ. ಹೋದ ವಾರ ಕೊಬ್ಬರಿ ಹೆಚ್ಚಿದ್ದು, ಬೆಲ್ಲ ಕತ್ತರಿಸಿದ್ದು, ಸಕ್ಕರೆ ಅಚ್ಚು ತೆಗೆದದ್ದು ಈ ಕೈಗಳೇ. ಅವತ್ತು ಬೇಕಾಗಿದ್ದ ಕೈ ಇವತ್ತು ಬೇಡವಾಗಿದೆ. ನನ್ನ ಗಂಡ ಲಿಂಗರಾಜು ಬಾಗಿಲಲ್ಲಿ ಕಾಫಿ ಲೋಟ ಇಟ್ಟು, ಕೈಗೆ ಕೊಡದೆ, "ತಗೊಳೇ" ಎಂದು ಹೇಳಿ ಹೋದರು. ಬಸ್ ಡಿಪೋದಲ್ಲಿ ದಿನಾ ಕೊಳೆ ಇಂಜಿನ್ನಿಗೆ ಕೈ ಹಾಕುವ ಮನುಷ್ಯ.

ಅತ್ತೆ ಹೊರಡುವಾಗ ಕಿಟಕಿಯಲ್ಲಿ ಬಗ್ಗಿ, "ನಂಗೆ ನಲ್ವತ್ತಕ್ಕೇ ನಿಂತೋಗಿತ್ತು ಕಣವ್ವ, ಏನೋ ಪುಣ್ಯ" ಎಂದರು. ಈ ಮಾತನ್ನು ಮದುವೆಯಾದಾಗಿನಿಂದ ಕೇಳುತ್ತಿದ್ದೇನೆ. ಇವತ್ತು ಯಾಕೋ ತಟ್ಟೆ ಕಿತ್ತುಕೊಳ್ಳೋಣ ಅನ್ನಿಸಿತು.

ಜನವರಿ 21, ಮಂಗಳವಾರ

ಬಿಂದು ಆಸ್ಪತ್ರೆಯಲ್ಲಿದ್ದಾಳೆ. ಶನಿವಾರ ಚಳಿಜ್ವರ ಬಂದಿತ್ತು, ಭಾನುವಾರ ಬೆನ್ನು ಹಿಡಿದುಕೊಂಡು ಬಗ್ಗಿದವಳು ಏಳಲಿಲ್ಲ. ಮೂತ್ರದ ಸೋಂಕು ಕಿಡ್ನಿಗೆ ಹತ್ತಿದೆಯಂತೆ. ಅಲ್ಲಿಯ ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ: ದಿನಕ್ಕೆ ಎಷ್ಟು ನೀರು ಕುಡೀತೀಯಾ?

ಬೆಳಿಗ್ಗೆ ಮನೆ ಬಿಟ್ಟ ಮೇಲೆ ಸಂಜೆ ಮನೆ ಸೇರುವವರೆಗೆ ಅವಳು ನೀರೇ ಕುಡಿಯುವುದಿಲ್ಲವಂತೆ. "ಕುಡುದ್ರೆ ಹೋಗ್ಬೇಕಲ್ಲ ಅಕ್ಕಾ" ಎಂದಳು. ಮೂರು ವರ್ಷದಿಂದ ನನ್ನ ಎದುರಿಗೇ ಕೂತು ಕೆಲಸ ಮಾಡುತ್ತಿದ್ದಾಳೆ. ಅವಳ ಬಾಟಲಿ ಸಂಜೆಗೂ ತುಂಬಿರುತ್ತಿದ್ದದ್ದನ್ನು ದಿನಾ ನೋಡಿದ್ದೇನೆ. ಬಾಯಾರಿಕೆ ಕಡಿಮೆ ಅಂದುಕೊಂಡಿದ್ದೆ.

ಅವಳ ಅಣ್ಣ ಕುಮಾರ್ ಊರಿನಿಂದ ಬಂದಿದ್ದಾನೆ. ಜ್ವರ ಬಿಟ್ಟ ತಕ್ಷಣ ಕರೆದುಕೊಂಡು ಹೋಗುತ್ತಾನಂತೆ, ವಾಪಸ್ ಕಳಿಸುವುದಿಲ್ಲವಂತೆ. "ಸಿಟೀಲಿ ದುಡ್ದು ಕಿಡ್ನಿ ಕಳ್ಕೊಳ್ಳಾದು ಬ್ಯಾಡ. ಊರಲ್ಲಾದ್ರೆ ಮೂರು ದಿನ ಆಚೆ ಕೂತ್ಕತಾಳೆ, ಸುಮ್ಕಿರ್ತಾಳೆ" ಎಂದ. ಬಿಂದು ನನ್ನ ಸೆರಗು ಹಿಡಿದುಕೊಂಡು, "ಅಕ್ಕಾ, ನನ್ನ ಸ್ಟ್ಯಾಂಡ್ ಬೇರೆಯೋರಿಗೆ ಕೊಡ್ಬ್ಯಾಡಿ" ಎಂದಳು. ಆ ಕಸೂತಿ ಸ್ಟ್ಯಾಂಡಿನಲ್ಲಿ ಅರ್ಧ ನವಿಲು ಹಾಗೇ ಇದೆ. ಕೊಡುವುದಿಲ್ಲ ಎಂದೆ.

ಜನವರಿ 24, ಶುಕ್ರವಾರ

ಸಂಘದ ಮೀಟಿಂಗಿನಲ್ಲಿ ಇವತ್ತು ಬಾಯಿ ಬಿಟ್ಟೆ. ಹದಿನಾಲ್ಕು ಜನ ಗಂಡಸರು, ಫಾಲ್ಸ್ ಅಂಗಡಿಯಾಕೆ ಮತ್ತು ನಾನು. ಬೀಗ ತೆಗೆಯಿರಿ, ಇಲ್ಲ ಬೀಗದಕೈಯನ್ನು ನಿಂಗಯ್ಯನವರ ಅಂಗಡಿಯಿಂದ ಬೇರೆ ಕಡೆ ಇಡಿ ಎಂದೆ. ಯಾಕೆ ಎಂದರು. ನಮಗೆ ಕಷ್ಟ ಆಗುತ್ತದೆ ಎಂದೆ. ಏನು ಕಷ್ಟ ಎಂದರು. ಹೆಂಗಸರ ಕಷ್ಟ ಎಂದೆ. ಎಲ್ಲರೂ ಒಟ್ಟಿಗೇ ಟೀ ಲೋಟ ನೋಡಿಕೊಂಡರು.

ಕಾರ್ಯದರ್ಶಿ ಸುದರ್ಶನ, ಎಲೆಕ್ಟ್ರಿಕಲ್ ಅಂಗಡಿಯವನು, ಭಾರಿ ಬುದ್ಧಿವಂತ. "ಬೀಗ ತೆಗುದ್ರೆ ಇಡೀ ಮಾರ್ಕೆಟ್ ಬತ್ತದೆ ಮೇಡಂ. ಒಂದ್ ಕೆಲ್ಸ ಮಾಡುವ. ಒಂದು ರಿಜಿಸ್ಟರ್ ಇಡುವ. ಹೆಸ್ರು, ಹೋದ ಟೈಮು, ಬಂದ ಟೈಮು. ಡಿಸಿಪ್ಲಿನ್ ಆಗ್ತದೆ" ಎಂದ. ನಾಳೆಯಿಂದ ನಾನು ಎಷ್ಟು ಹೊತ್ತಿಗೆ ಹೋದೆ, ಎಷ್ಟು ಹೊತ್ತು ಒಳಗಿದ್ದೆ ಎಂದು ಹದಿನಾರು ಅಂಗಡಿಯವರು ಓದಬಹುದು. ಒಬ್ಬನಿಗೂ ಅಸಹ್ಯ ಅನ್ನಿಸಲಿಲ್ಲ. ಪಾಸ್ ಆಯಿತು.

ಕೊನೆಗೆ ನಿಂಗಯ್ಯನವರು ಮೆಲ್ಲಗೆ ಹೇಳಿದರು, "ನಾನು ಯಾವತ್ತಾದ್ರೂ ಬರ್ಬ್ಯಾಡಿ ಅಂದಿದೀನಾ ಚೆಲುವಮ್ಮೋರೆ? ನೀವ್ ನೀವೇ ಬರಲ್ಲ. ದೇವ್ರ ಪಕ್ಕ ಹಾಕಿ ಅಂದೋರೂ ನೀವೇಯ. ನಂಗ್ಯಾಕೆ ಬೇಕಿತ್ತು ಅದು, ಗಲ್ಲಾಪೆಟ್ಗೇಲೇ ಇಟ್ಕೊಂಡಿದ್ದೆ."

ಅವರು ಸುಳ್ಳು ಹೇಳಲಿಲ್ಲ. ನಾನು ಕುರ್ಚಿ ಸರಿಸಿ ಎದ್ದು ಬಂದೆ.

ಜನವರಿ 25, ಶನಿವಾರ

ನನ್ನ ಮೇಲೇ ಸಿಟ್ಟು. ಬೇರೆ ಏನೂ ಬರೆಯುವುದಕ್ಕಿಲ್ಲ. ಇವತ್ತು ನಾನೂ ಸಂಜೆಯವರೆಗೆ ನೀರು ಕುಡಿಯದೆ ಇದ್ದು ನೋಡಿದೆ. ನಾಲ್ಕು ಗಂಟೆಗೆ ತಲೆ ಸಿಡಿಯಿತು.

ಜನವರಿ 28, ಮಂಗಳವಾರ

ಬಿಂದುವನ್ನು ನಿನ್ನೆ ಊರಿಗೆ ಕರೆದುಕೊಂಡು ಹೋದರು.

ಬೆಳಿಗ್ಗೆ ಅವರೆಕಾಳು ಸುಲಿಯುತ್ತ ಅತ್ತೆಗೆ ಎಲ್ಲವನ್ನೂ ಹೇಳಿದೆ. ಹೇಳುವ ಉದ್ದೇಶವಿರಲಿಲ್ಲ, ಕಾಳಿನ ಜೊತೆ ಮಾತೂ ಬಿತ್ತು. ಅವರು ಎರಡು ಹಿಡಿ ಕಾಳು ಸುಲಿದರು. ಆಮೇಲೆ, "ನಂಗೆ ನಲ್ವತ್ತಕ್ಕೆ ನಿಲ್ಲಲಿಲ್ಲ ಕಣೇ ಚೆಲುವಾ" ಎಂದರು.

"ಮತ್ತೆ?"

"ಐವತ್ತೊಂದಕ್ಕೆ. ನಮ್ಮ ನಾದಿನೀರು ಪುಷ್ಯದ ಚಳೀಲೂ ಆಚೆ ಜಗ್ಲಿ ಮೇಲೆ ಗೋಣಿ ಹಾಸಿ ಮಲಗ್ಸೋರು. ಸಾಕಾಗೋಗಿತ್ತು. ಒಂದಿನ ನಿಂತೋಯ್ತು ಅಂದ್ಬುಟ್ಟೆ. ಯಾರೂ ಬಂದು ನೋಡಲ್ವಲ್ಲ."

"ಹನ್ನೊಂದು ವರ್ಷ ಸುಳ್ಳು ಹೇಳುದ್ರಾ ಅತ್ತೆ?"

"ಊಂ. ಗೌರಿಗೆ ನಾನೇ ಎಡೆ ಇಟ್ಟೆ. ನಿಮ್ಮ ಮದ್ವೇಲಿ ಕಳಸ ಹಿಡುದ್ನಲ್ಲ, ಅವತ್ತೂ ಇತ್ತು."

ನನ್ನ ಮದುವೆಯ ಕಳಸ. ಆ ಫೋಟೋ ನಡುಮನೆಯಲ್ಲೇ ನೇತಾಡುತ್ತಿದೆ. ಅತ್ತೆ ಎಷ್ಟು ಗಂಭೀರವಾಗಿ ನಿಂತಿದ್ದಾರೆ. ನನಗೆ ನಗಬೇಕೋ ಕಿರುಚಬೇಕೋ ತಿಳಿಯಲಿಲ್ಲ. ಇಪ್ಪತ್ತಾರು ವರ್ಷ ನನ್ನನ್ನು ಹಿತ್ತಿಲ ಕೋಣೆಯಲ್ಲಿ ಕೂರಿಸಿದಿರಲ್ಲ, ಯಾಕೆ ಎಂದು ಕೇಳಿದೆ. ಧ್ವನಿ ಏರಿತ್ತು. ಅತ್ತೆ ಕಾಳಿನ ಮೊರವನ್ನೇ ನೋಡುತ್ತ, "ನಿನ್ನ ಒಳಗೆ ಬಾ ಅಂದಿದ್ರೆ ಯಾಕೆ ಅಂತ ಕೇಳೋರು, ನನ್ನ ಗುಟ್ಟು ಆಚೆ ಬೀಳ್ತಿತ್ತಲ್ಲವ್ವ" ಎಂದರು.

ಅವರ ಮಾನ ಉಳಿಯಲೆಂದು ನಾನು ಕೂತಿದ್ದೆ. ಕ್ಷಮಿಸಲು ಆಗಲಿಲ್ಲ. ಅವರೆಕಾಳು ಅಲ್ಲೇ ಬಿಟ್ಟು ಬಸ್ಸು ಹತ್ತಿದೆ.

ಜನವರಿ 31, ಶುಕ್ರವಾರ

ಹತ್ತೂವರೆಗೆ ಗಿರಾಕಿಯ ಅಳತೆ ತೆಗೆಯುತ್ತಿದ್ದಾಗ ಶುರುವಾಯಿತು. ಬೇಗ ಬೇಗ ಬಂತು, ಬಹಳ. ಫಾಲ್ಸ್ ಅಂಗಡಿಯ ಬಾಗಿಲು ಮುಚ್ಚಿತ್ತು. ಬಿಂದುವಿನ ಸ್ಟ್ಯಾಂಡಿನಲ್ಲಿ ಅರ್ಧ ನವಿಲು ಕೂತಿತ್ತು.

ಯೋಚನೆ ಮಾಡಲಿಲ್ಲ, ಮೆಟ್ಟಿಲಿಳಿದೆ. ನಿಂಗಯ್ಯನವರ ಅಂಗಡಿಯಲ್ಲಿ ಶುಕ್ರವಾರದ ಪೂಜೆ ಆಗಷ್ಟೇ ಮುಗಿದಿತ್ತು, ಐದಾರು ಜನ ಗಿರಾಕಿಗಳು. ಅವರು ಅರಿಶಿನದ ಕೊಂಬು ತೂಗುತ್ತಿದ್ದರು.

"ನಿಂಗಯ್ಯನೋರೆ, ನಾನು ಮುಟ್ಟಾಗಿದೀನಿ. ಬೀಗದಕೈ ಬೇಕು" ಎಂದೆ.

ತಕ್ಕಡಿ ಹಿಡಿದ ಕೈ ಹಾಗೇ ನಿಂತಿತು. "ಯಾರ್ನಾದ್ರೂ ಕಳ್ಸಿ ಚೆಲುವಮ್ಮೋರೆ" ಎಂದರು, ಮೆಲ್ಲಗೆ, ನನ್ನ ಮರ್ಯಾದೆ ಕಾಪಾಡುವವರಂತೆ.

"ಕಳ್ಸಕೆ ಇದ್ದೋಳು ಊರಲ್ಲಿ ಮಲಗವ್ಳೆ" ಎಂದೆ.

ಅವರು ಏಳಲಿಲ್ಲ. ನಾನೇ ಗಲ್ಲದ ಪಕ್ಕದಿಂದ ಒಳಗೆ ಹೋಗಿ ಮೊಳೆಯಿಂದ ತೆಗೆದುಕೊಂಡೆ. ಕೈ ಪಟದ ಹಾರಕ್ಕೆ ತಾಗಿ ಎರಡು ಸೇವಂತಿಗೆ ಉದುರಿದವು. ಹಿಂದಿನಿಂದ ಒಬ್ಬಳು ವಯಸ್ಸಾದಾಕೆ ಶಿವ ಶಿವ ಎಂದಳು. ಹೋಗಿ ಬಂದೆ, ಕೈ ತೊಳೆದೆ, ಬೀಗದಕೈಯನ್ನು ಅದೇ ಮೊಳೆಗೇ ಹಾಕಿದೆ. ಮೇಲೆ ಬಂದು ಕೂತೆ. ಒಂದು ಬಾಟಲಿ ನೀರು ಪೂರ್ತಿ ಕುಡಿದೆ.

ಸಂಜೆ ಬಿಂದುವಿಗೆ ಫೋನ್ ಮಾಡಿ ಹೇಳಿದೆ. ಪೂರ್ತಿ ಕೇಳಿಸಿಕೊಂಡಳೋ ಇಲ್ಲವೋ, ಲೈನು ಕಡಿಯಿತು. ಸಿಗ್ನಲ್ ಹೋಯಿತೇನೋ.

ಫೆಬ್ರವರಿ 1, ಶನಿವಾರ

ಮುಟ್ಟು, ಎರಡನೇ ದಿನ, ಜಾಸ್ತಿ.

ಮೊಳೆ ಖಾಲಿ. ಬೀಗದಕೈ ಗಲ್ಲದ ತುದಿಯಲ್ಲಿ ಒಂದು ಸ್ಟೀಲ್ ಲೋಟದಲ್ಲಿತ್ತು, ಅರಿಶಿನದ ನೀರಿನಲ್ಲಿ ಮುಳುಗಿ. ನಾನು ಮುಟ್ಟಿದ್ದಕ್ಕೆ ಶುದ್ಧ ಮಾಡುತ್ತಿದ್ದಾರಂತೆ. ನಿಂಗಯ್ಯನವರು, "ತಪ್ಪು ತಿಳ್ಕೊಬ್ಯಾಡಿ, ವ್ಯಾಪಾರದ ಜಾಗ" ಎಂದರು. ಬೈದು ಮುಗಿಸಿಬಿಡಬಹುದಿತ್ತು, ಇದು ಅದಕ್ಕಿಂತ ಕೀಳು. ನನ್ನ ಎದುರಿಗೇ ನನ್ನನ್ನು ತೊಳೆಯುತ್ತಿದ್ದಾರೆ. ಲೋಟಕ್ಕೆ ಕೈ ಅದ್ದಿ ಬೀಗದಕೈ ತೆಗೆದುಕೊಂಡು ಹೋದೆ, ತಂದು ಗಲ್ಲದ ಮೇಲೆ ಇಟ್ಟೆ. ಅವರು ಚಿಮಟದಲ್ಲಿ ಎತ್ತಿ ಮತ್ತೆ ನೀರಿಗೆ ಹಾಕಿದರು. ಒಂದು ಗಂಟೆ ಬಿಟ್ಟು ಬೇಕೆಂದೇ ಮತ್ತೆ ಹೋದೆ. ಮಧ್ಯಾಹ್ನ ಮತ್ತೆ. ಇಡೀ ದಿನ ಇದೇ ಆಟ. ಹೊಲಿದ ಬಿಳಿ ಬ್ಲೌಸಿಗೆ ನನ್ನ ಬೆರಳಿನ ಅರಿಶಿನ ಅಂಟಿತು.

ಫೆಬ್ರವರಿ 6, ಗುರುವಾರ

ಇವತ್ತು ಮಂಚಮ್ಮ ಬೀಗದಕೈ ತೆಗೆದುಕೊಳ್ಳುವುದನ್ನು ನಿಂತು ನೋಡಿದೆ. ಒಂಬತ್ತು ವರ್ಷದಿಂದ ದಿನಾ ನೋಡಿದ್ದೇ. ನಿಂಗಯ್ಯನವರು ಅದನ್ನು ಅವಳ ಕೈಗೆ ಕೊಡುವುದಿಲ್ಲ, ಹೊರಗಿನ ಮೆಟ್ಟಿಲ ಮೇಲೆ ಇಡುತ್ತಾರೆ. ಅವಳು ಬಗ್ಗಿ ಎತ್ತಿಕೊಳ್ಳುತ್ತಾಳೆ. ಗಿರಾಕಿಗಳ ಗಡಿಬಿಡಿ, ಅದಕ್ಕೆ ಹಾಗೆ ಅಂದುಕೊಂಡಿದ್ದೆ. ನಾನು ಮುಟ್ಟಿದ ಬೀಗದಕೈ ಲೋಟದಲ್ಲಿ ಮುಳುಗಿದ ಮೇಲೆ ನನಗೆ ಕಣ್ಣು ಬಂತು.

"ಯಾವಾಗ್ಲೂ ಹೀಗೇನಾ ಮಂಚಮ್ಮ?" ಎಂದೆ.

"ನೀವೀಗ ನೋಡುದ್ರಾ?" ಎಂದಳು. ಅವಳ ಮುಖದಲ್ಲಿ ಸಿಟ್ಟೂ ಇರಲಿಲ್ಲ, ಅದೇ ನನಗೆ ಬಡಿಯಿತು. ಅವಳು ಸೀದಾ ಗಲ್ಲದ ಹತ್ತಿರ ಹೋಗಿ, "ಈಗ ಎಲ್ಲಾರ್ದೂ ನೀರಲ್ಲೇ ಅಲ್ವಾ, ನಂದೂ ಒಂದು" ಎಂದು ಎತ್ತಿಕೊಂಡ ಬೀಗದಕೈ ಸಮೇತ ಲೋಟಕ್ಕೆ ಕೈ ಹಾಕಿದಳು. ನಿಂಗಯ್ಯನವರು ಲೋಟದ ನೀರು ಚೆಲ್ಲಿ ಹೊಸ ನೀರು ತುಂಬಿದರು.

ಫಾಲ್ಸ್ ಅಂಗಡಿಯಾಕೆಯೂ ಈಗ ಆ ದಿನಗಳಲ್ಲಿ ತಾನೇ ಹೋಗುತ್ತಾಳೆ. ಬಳೆ ಅಂಗಡಿಗೆ ಈ ತಿಂಗಳು ಕೆಲಸಕ್ಕೆ ಸೇರಿದ ಹುಡುಗಿಯರೂ. ದೇವರ ಪಕ್ಕ ಇದ್ದದ್ದನ್ನು ಮುಟ್ಟಲು ಅಂಜಿಕೆ, ಲೋಟದಲ್ಲಿದ್ದದ್ದಕ್ಕೆ ಏನು. ಸುದರ್ಶನನ ರಿಜಿಸ್ಟರಿನಲ್ಲಿ ಇಲ್ಲಿಯವರೆಗೆ ಒಬ್ಬಳೂ ಹೆಸರು ಬರೆದಿಲ್ಲ. ಅದರ ಹಾಳೆ ಹರಿದು ನಿಂಗಯ್ಯನವರು ಕುಂಕುಮ ಕಟ್ಟಿಕೊಡುತ್ತಿದ್ದಾರೆ.

ಅತ್ತೆಯ ಜೊತೆ ಇನ್ನೂ ಸರಿಯಾಗಿ ಮಾತಿಲ್ಲ. ಹಿತ್ತಿಲ ಕೋಣೆಯಲ್ಲಿ ಈಗ ಅಕ್ಕಿ ಮೂಟೆ ಇಟ್ಟಿದ್ದಾರೆ. ಯಾರು ಇಟ್ಟರೆಂದು ನಾನು ಕೇಳಲಿಲ್ಲ.

ಫೆಬ್ರವರಿ 17, ಸೋಮವಾರ

ಬಿಂದು ಬಂದಳು. ಬಾಗಿಲಲ್ಲಿ ಚೀಲ ಹಿಡಿದು ನಿಂತಿದ್ದಳು, ಸೊರಗಿದ್ದಾಳೆ. ನಾನು ಅಳತೆ ಟೇಪು ಕೈಯಲ್ಲಿ ಹಿಡಿದುಕೊಂಡೇ ಅಪ್ಪಿಕೊಂಡೆ.

"ಅಣ್ಣ ಹೆಂಗೆ ಕಳ್ಸುದ್ನೇ?"

"ಕಳ್ಸ್ನಿಲ್ಲ ಅಕ್ಕಾ, ನಾನೇ ಬಂದೆ. ನೆನ್ನೆ ನಂಗೆ ಆಗಿತ್ತು. ತೆಪ್ಪದಣ್ಣಂಗೆ ಹೇಳ್ನಿಲ್ಲ. ಹತ್ತಿ ಮಧ್ಯದಲ್ಲಿ ಕೂತ್ಕಂಡೆ. ನಡೂ ನೀರಿಗೆ ಬಂದ್ಮೇಲೆ ಹೇಳ್ದೆ."

"ಹೇಳಿ?"

"ಅವನೇನು ಮಾಡಾನು, ನೀರಿಗೆ ತಳ್ಳಾನಾ? ಬಿರಬಿರ್ನೆ ಹುಟ್ಟಾಕ್ದ. ಯಾವತ್ಗಿಂತ ಬೇಗ ದಡ ಸೇರ್ದೋ."

ಬಾಟಲಿಯ ನೀರು ಕುಡಿದಳು. ಕೆಳಗೆ ಹೋಗಿ ಲೋಟದಿಂದ ಬೀಗದಕೈ ತೆಗೆದುಕೊಂಡಳು. ಬರುವಾಗ, "ಅಕ್ಕಾ, ಬೀಗ ತಿರುಗ್ತಾನೇ ಇಲ್ಲ, ಕೆರೀತದೆ" ಎಂದಳು. ಎರಡು ವಾರದಿಂದ ಒದ್ದೆ ಬೀಗದಕೈ ತುರುಕಿ ತುರುಕಿ ಅದರ ಹೊಟ್ಟೆಯೊಳಗೆ ತುಕ್ಕು ಹಿಡಿದಿರಬೇಕು. ನಾನು ಮೆಷಿನ್ನಿನ ಎಣ್ಣೆ ಕೊಡಲು ಎದ್ದೆ. ಆಮೇಲೆ ಯಾಕೋ ಕೂತುಬಿಟ್ಟೆ.

ಫೆಬ್ರವರಿ 25, ಮಂಗಳವಾರ

ನಾಳೆ ಶಿವರಾತ್ರಿ. ನಿಂಗಯ್ಯನವರ ಅಂಗಡಿಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಅಂಥ ಹೊತ್ತಿನಲ್ಲಿ ಬೀಗದಕೈ ಮುರಿಯಿತು, ಅರ್ಧ ಬೀಗದೊಳಗೆ, ಅರ್ಧ ಮಂಚಮ್ಮನ ಕೈಯಲ್ಲಿ. ಫುಟ್‌ಪಾತಿನಲ್ಲಿ ಬೀಗ ರಿಪೇರಿ ಮಾಡುವ ಚಂದ್ರುವನ್ನು ಕರೆಸಿದರು. ಅವನು ಬೀಗವನ್ನು ಮೂಸಿ ನೋಡಿ, "ಇದುಕ್ಕೆ ಅರಿಶಿನ ಹಾಕಿ ಒಗ್ಗರಣೆ ಕೊಟ್ಟವ್ರಾರು?" ಎಂದ. ಎಣ್ಣೆ ಬಿಟ್ಟ, ತಂತಿ ಹಾಕಿದ, ಆಗಲಿಲ್ಲ. ಸುತ್ತಿಗೆಯಿಂದ ನಾಲ್ಕು ಏಟು ಹಾಕಿ ಒಡೆದ.

ಸುದರ್ಶನ ಓಡಿಬಂದು ಹೊಸ ಬೀಗ 'ಈಗಲೇ' ತರಿಸುತ್ತೇನೆ ಎಂದ. ನಿಂಗಯ್ಯನವರು ಒಂದು ಕೈಯಲ್ಲಿ ಬಿಲ್ವಪತ್ರೆ, ಇನ್ನೊಂದರಲ್ಲಿ ವಿಭೂತಿ ಗಟ್ಟಿ ಹಿಡಿದು, ಅಲ್ಲಿಂದಲೇ, "ಬ್ಯಾಡ ಬುಡಪ್ಪ. ಒಳಗೆ ಚಿಲ್ಕ ಐತಲ್ಲ, ಸಾಕು. ತಂದ್ರೆ ನಿನ್ನ ಅಂಗಡೀಲೇ ಇಟ್ಕೊ. ದಿನುಕ್ಕೆ ಇಪ್ಪತ್ತು ಸಲ ನೀರು ಬದಲಾಯ್ಸಿ ನನ್ನ ಕೈ ಸವುದೋಯ್ತು" ಎಂದರು.

ಸುದರ್ಶನನಿಗೆ ತನ್ನ ಅಂಗಡಿಗೆ ಇಪ್ಪತ್ತು ಸಲ ಹೆಂಗಸರು ಬರುವುದು ಬೇಕಿರಲಿಲ್ಲ. ಬೀಗ ಬರಲಿಲ್ಲ.

ಮಾರ್ಚ್ 8, ಶನಿವಾರ

ಕಾಂಪ್ಲೆಕ್ಸಿನ ಮುಂದೆ ಫ್ಲೆಕ್ಸ್ ಕಟ್ಟಿದ್ದಾರೆ. 'ಮಹಿಳಾ ದಿನಾಚರಣೆಯ ಅಂಗವಾಗಿ ಸಂಘದ ವತಿಯಿಂದ ಸಹೋದರಿಯರಿಗೆ ಮುಕ್ತ ಶೌಚಾಲಯದ ಕೊಡುಗೆ.' ಮೂಲೆಯಲ್ಲಿ ಸುದರ್ಶನ ಕೈ ಮುಗಿದು ನಿಂತ ಫೋಟೋ. ಕೊಡುಗೆಯಂತೆ. ಅಲ್ಲಿ ಬುಟ್ಟಿ ಇಟ್ಟವಳು ಬಿಂದು, ಸೋಪು ತಂದವಳು ಬಳೆ ಅಂಗಡಿಯ ಹುಡುಗಿ, ತೊಳೆಯುವವಳು ಮಂಚಮ್ಮ. ಇವನು ಕೊಟ್ಟದ್ದು ಒಂದು ರಿಜಿಸ್ಟರ್. ಕತ್ತರಿ ತೆಗೆದುಕೊಂಡು ಇಳಿದೆ. ಬಿಂದು ತಡೆದಳು, ಬುಟ್ಟಿಯ ಕೆಳಗೆ ಹಾಸಲು ಆ ಫ್ಲೆಕ್ಸ್ ಆಗುತ್ತದೆ, ಸೋಮವಾರ ಬಿಚ್ಚಿಕೊಳ್ಳೋಣ ಎಂದಳು.

ಮಾರ್ಚ್ 10, ಸೋಮವಾರ

ನಾಳೆ ಡಾಕ್ಟರಮ್ಮನ ಹತ್ತಿರ ಹೋಗಬೇಕು. ಚುಕ್ಕೆಗಳನ್ನು ಲೆಕ್ಕ ಹಾಕೋಣವೆಂದು ಪುಸ್ತಕ ತಿರುವಿದೆ. ಜನವರಿ ಮಧ್ಯದಿಂದ ಈಚೆಗೆ ಒಂದೂ ಚುಕ್ಕೆ ಇಲ್ಲ, ಇಡುವುದನ್ನೇ ಮರೆತಿದ್ದೇನೆ. ಡಾಕ್ಟರಮ್ಮ ನಡುನಡುವೆ ಹುಡುಕಿಕೊಂಡು ಓದಬೇಕು, ಸ್ವಲ್ಪ ಕಷ್ಟವಾಗಬಹುದು. ಅಲ್ಲಿಗೆ ಅತ್ತೆಯೂ ಬರುತ್ತೇನೆ ಎಂದಿದ್ದಾರೆ. ಬನ್ನಿ ಎಂದೆ.

ಇವತ್ತು ಮುಟ್ಟಿನ ಎರಡನೇ ದಿನ. ರಕ್ತ ಜಾಸ್ತಿ, ಹೊಟ್ಟೆ ನೋವು ಸಾಧಾರಣ. ನವಿಲು ಮುಗಿಯಿತು, ಗಿರಾಕಿ ತೆಗೆದುಕೊಂಡು ಹೋದಳು. ಬಿಂದುವಿನ ಬಾಟಲಿ ಮಧ್ಯಾಹ್ನಕ್ಕೇ ಖಾಲಿಯಾಯಿತು. ನಾನು ನಾಲ್ಕು ಸಲ ಹೋಗಿ ಬಂದೆ. ಯಾರನ್ನೂ ಕೇಳಲಿಲ್ಲ.